ಕೆಲಸದಾಕೆಗೆ ಜ್ವರ ಬಂದಾಗ

ಅಡಿಕೆ ಕೊಯ್ಲು ಶುರುವಾಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಗಳಲ್ಲಿ ಕೆಲಸ ಇಮ್ಮಡಿಯಾಗುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರೇ. ಹಾಗಾಗಿ ಹಾನಗಲ್, ಹಾವೇರಿ ಕಡೆಯಿಂದ ಬಂದ ಹೆಂಗಸರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವವರಿದ್ದಾರೆ. ಪಾತ್ರೆ, ಬಟ್ಟೆ, ಕೊಟ್ಟಿಗೆ ಮುಗಿದ ಮೇಲೆ ಅಡಿಕೆ ಸುಲಿಯಬೇಕು; ನಡುವೆ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ ತರಬೇಕು. ಸಂಬಳ ಮಾತಾಡುವಾಗ ಈ ಕೊನೆಯ ಕೆಲಸ ಲೆಕ್ಕಕ್ಕೇ ಬರುವುದಿಲ್ಲ. ವೈದ್ಯರ ಕಣ್ಣಿಗೆ ಅಪಾಯವಿರುವುದು ಅದರಲ್ಲೇ.

ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ರೋಗವಿದು. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಹಲವರು ಇದಕ್ಕೆ ಬಲಿಯಾದರು. ರೋಗಾಣು ಹೊತ್ತ ಉಣುಗಿನ ಮರಿ ದರಕಿನಲ್ಲಿ ಅಡಗಿರುತ್ತದೆ. ತೀರಾ ಚಿಕ್ಕದಾದ್ದರಿಂದ ಕಚ್ಚಿದ್ದೂ ತಿಳಿಯುವುದಿಲ್ಲ. ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು, ವಾಂತಿ; ಕಣ್ಣು ಕೆಂಪಾಗುತ್ತದೆ. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬರುವುದುಂಟು. ಜ್ವರ ಇಳಿದು ಒಂದೆರಡು ವಾರದ ನಂತರ ಮರುಕಳಿಸಿ ಮಿದುಳಿಗೆ ತಾಗುವುದೂ ಇದೆ. ರೋಗ ತಗಲಿದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ.

ಇಲ್ಲಿನವರಿಗೆ ಈ ಜ್ವರದ ಹೆಸರು ಕೇಳಿದರೇ ಭಯ. ಬಯಲುಸೀಮೆಯಿಂದ ಬಂದಾಕೆಗೆ ಅದರ ಗಂಧವೂ ಇರುವುದಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಡೆಪಾ ಎಣ್ಣೆ ತಂದುಕೊಟ್ಟರೆ ಅದು ಯಜಮಾನರ ಕಪಾಟು ಸೇರುತ್ತದೆ. ಕೆಲಸದಾಕೆ ಜ್ವರವೆಂದರೆ ಒಂದು ಮಾತ್ರೆ ನುಂಗಿಸಿ, "ಎರಡು ದಿನ ಊರಿಗೆ ಹೋಗಿ ಬಾ" ಎಂದು ಬಸ್ಸು ಹತ್ತಿಸುತ್ತೇವೆ. ಅಲ್ಲಿನ ವೈದ್ಯರು ಟೈಫಾಯ್ಡ್, ಡೆಂಗಿ ಹುಡುಕುತ್ತಾರೆ. ಆಕೆ ಮಲೆನಾಡಿನ ಬೆಟ್ಟದಲ್ಲಿ ದರಕು ಗುಡಿಸಿದ್ದು ಅವರಿಗೆ ಹೇಗೆ ತಿಳಿಯಬೇಕು?

ಆದ್ದರಿಂದ ಜ್ವರ ಕಂಡ ದಿನವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಅಲ್ಲಿ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಹಣ ಕೊಡಬೇಕಾಗಿಲ್ಲ. ಊರಿಗೆ ಹೊರಟೇ ಬಿಟ್ಟಿದ್ದರೆ ಫೋನ್ ಮಾಡಿ, ಕಾಡಿಗೆ ಹೋದದ್ದನ್ನು ವೈದ್ಯರಿಗೆ ಹೇಳುವಂತೆ ತಿಳಿಸಿ. ಆಸ್ಪಿರಿನ್, ಬ್ರುಫೆನ್ ಕೊಡಬೇಡಿ, ರಕ್ತಸ್ರಾವ ಹೆಚ್ಚೀತು. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗವಲ್ಲ, ಹೆದರಿ ಆಕೆಯನ್ನು ಹೊರಗಿಡಬೇಕಾಗಿಲ್ಲ. ಜ್ವರದ ದಿನಗಳ ಸಂಬಳವನ್ನೂ ಹಿಡಿಯಬೇಡಿ. ಸಂಬಳ ಹೋದೀತೆಂದೇ ಎಷ್ಟೋ ಹೆಂಗಸರು ಜ್ವರ ಮುಚ್ಚಿಟ್ಟುಕೊಂಡು ದುಡಿಯುತ್ತಾರೆ.

ಹಳೆಯ ಲಸಿಕೆ 2022ರಲ್ಲೇ ನಿಂತಿತು. ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಈಗಿನ ದಾರಿ. ಮಂಗ ಸತ್ತುಬಿದ್ದ ಬೆಟ್ಟಕ್ಕೆ ಯಾರನ್ನೂ ಕಳಿಸಬೇಡಿ. ಬೇರೆ ಕಡೆ ಹೋಗುವುದಿದ್ದರೂ ಮೈತುಂಬ ಬಟ್ಟೆ, ಕೈಕಾಲಿಗೆ ಎಣ್ಣೆ ಇರಲಿ. ದರಕಿನ ರಾಶಿಯ ಪಕ್ಕ, ಕೊಟ್ಟಿಗೆಯ ಮೂಲೆಯಲ್ಲಿ ಆಕೆಗೆ ಹಾಸಿಗೆ ಹಾಕಿಸಬೇಡಿ. ಬೆಟ್ಟದಿಂದ ಬಂದ ಕೂಡಲೇ ಬಟ್ಟೆ ಬದಲಿಸಿ ಬಿಸಿನೀರಲ್ಲಿ ಮೀಯಬೇಕು. ಆದರೆ ಬಚ್ಚಲು ತೊಳೆಯುವಾಕೆಗೆ ಅದೇ ಬಚ್ಚಲಲ್ಲಿ ಮೀಯಲು ಒಪ್ಪಿಗೆಯಿಲ್ಲದ ಮನೆಗಳು ಇನ್ನೂ ಇವೆ. ಪಾಯಿಖಾನೆಯೂ ಅಷ್ಟೇ: ನೀರು ಕುಡಿಯದೆ, ಮೂತ್ರ ತಡೆದುಕೊಂಡು ದುಡಿದು ಉರಿಮೂತ್ರ ತಂದುಕೊಳ್ಳುವವರಿದ್ದಾರೆ. ಹಂಡೆಯ ನೀರನ್ನು ಕಾಯಿಸುವವಳೂ ಅವಳೇ ತಾನೆ? ಎರಡು ಚೊಂಬು ಅವಳಿಗೂ ಇರಲಿ.