ದುಃಖದ ಕೆರೆ, ನಾದದ ಕೋಡಿ



ಕನ್ನಡದಲ್ಲಿ ‘ಕಣ್ಣೀರ ಕೋಡಿ’ ಎಂಬ ನುಡಿಗಟ್ಟಿದೆ. ಬಳಸಿ ಬಳಸಿ ಸವೆದುಹೋದ ಮಾತು. ಮೂವತ್ತು ವರ್ಷ ತರಗತಿಗಳಲ್ಲಿ ಕರುಣರಸವನ್ನು ಪಾಠ ಮಾಡಿದವನು ನಾನು. ಆದರೂ ಈ ಮಾತಿನ ಅರ್ಥ ತಿಳಿದದ್ದು ನನ್ನ ಪತ್ನಿ ತೀರಿಕೊಂಡ ವರ್ಷ. ಕೆರೆ ತುಂಬಿದಾಗ ಹೆಚ್ಚಿನ ನೀರು ಏರಿಯನ್ನು ಒಡೆಯದೆ ಹೊರಗೆ ಹರಿದುಹೋಗಲೆಂದು ಹಿರಿಯರು ಕೋಡಿಯನ್ನು ಕಟ್ಟಿದರು. ಕೋಡಿ ಬಿದ್ದಿತೆಂದರೆ ಕೆರೆ ಬರಿದಾಯಿತೆಂದಲ್ಲ, ಉಳಿಯಿತೆಂದು ಅರ್ಥ.

ಭವಭೂತಿಯ ‘ಉತ್ತರರಾಮಚರಿತ’ದ ಮೂರನೆಯ ಅಂಕದಲ್ಲಿ ಇದೇ ಹೋಲಿಕೆ ಬರುತ್ತದೆ. ಸೀತೆಯನ್ನು ತೊರೆದ ರಾಮನು ಹನ್ನೆರಡು ವರ್ಷಗಳ ತರುವಾಯ ಪಂಚವಟಿಗೆ ಬಂದು ಹಳೆಯ ನೆನಪುಗಳ ನಡುವೆ ಕಂಗೆಡುತ್ತಾನೆ. ತುಂಬಿ ಒತ್ತರಿಸುವ ಕೆರೆಗೆ ನೀರನ್ನು ಹೊರಬಿಡುವುದೇ ಪರಿಹಾರ. ಹಾಗೆಯೇ ಶೋಕದಿಂದ ಕಲಕಿದ ಹೃದಯವನ್ನು ಪ್ರಲಾಪವೇ ತಡೆದು ನಿಲ್ಲಿಸುತ್ತದೆ ಎಂಬುದು ಅಲ್ಲಿಯ ಮಾತಿನ ತಾತ್ಪರ್ಯ. ನಾನು ಅಲಂಕಾರವನ್ನು ವಿವರಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಪತ್ನಿ ಹೋದ ಮೊದಲ ಎರಡು ತಿಂಗಳು ಮನೆಯ ರೇಡಿಯೊಕ್ಕೆ ಬಟ್ಟೆ ಹೊದಿಸಿಟ್ಟಿದ್ದೆ. ಬಂದ ಮಿತ್ರರು, “ಮೇಷ್ಟ್ರೆ, ಏನಾದರೂ ಉಲ್ಲಾಸದ್ದು ಕೇಳಿ, ಮನಸ್ಸು ಹಗುರಾಗುತ್ತದೆ” ಎಂದರು. ಅವರ ಮಾತಿಗೆ ಕಟ್ಟುಬಿದ್ದು ಒಂದು ಸಂಜೆ ಕೇಳಿದೆ. ಆ ಉಲ್ಲಾಸ ನನ್ನನ್ನು ಇನ್ನಷ್ಟು ಒಂಟಿಯಾಗಿಸಿತು. ಮದುವೆಯ ದಿಬ್ಬಣದ ನಡುವೆ ಸಿಕ್ಕಿಕೊಂಡ ಸೂತಕದವನ ಪಾಡಾಯಿತು. ಬಳಿಕ ಒಂದು ಬೆಳಗಿನ ಜಾವ ನೆರೆಮನೆಯ ಹುಡುಗಿ ಅಭ್ಯಾಸಕ್ಕೆ ಕುಳಿತಳು. ಮೊದಲು ತಂಬೂರಿಯ ನಾದ, ಆಮೇಲೆ ಜೋಗಿಯಾ ರಾಗದ ಆಲಾಪ. ಕೋಮಲ ಋಷಭ, ಕೋಮಲ ಧೈವತಗಳ ಆ ರಾಗದ ನಡೆಯಲ್ಲಿಯೇ ಅಗಲಿಕೆಯ ಆರ್ತತೆಯಿದೆ. ಹುಡುಗಿಗೆ ಸ್ವರ ಇನ್ನೂ ಪೂರ್ತಿ ಒಲಿದಿರಲಿಲ್ಲ. ಧೈವತದಲ್ಲಿ ಎಡವಿ ಮತ್ತೆ ಮತ್ತೆ ಷಡ್ಜಕ್ಕೆ ಮರಳುತ್ತಿದ್ದಳು. ಸ್ಮಶಾನದಲ್ಲಿಯೂ ಬಾರದಿದ್ದ ಕಣ್ಣೀರು ನನಗೆ ಅಂದು ಬಂದಿತು.

ಉಲ್ಲಾಸದ ಹಾಡು ಮಾಡಲಾರದ್ದನ್ನು ಶೋಕದ ರಾಗ ಮಾಡಿದ್ದೇಕೆ? ಭರತನು ‘ನಾಟ್ಯಶಾಸ್ತ್ರ’ದಲ್ಲಿ ಕರುಣರಸಕ್ಕೆ ಗಾಂಧಾರ ನಿಷಾದಗಳನ್ನು ವಿಧಿಸಿದ್ದಾನೆ. ಅವನ ಕಾಲದ ಆ ಲೆಕ್ಕವನ್ನು ಇಂದಿನ ರಾಗಗಳಿಗೆ ಹಾಗೆಯೇ ಹೊಂದಿಸಲಾಗದು. ನನಗೆ ತೋರುವ ಕಾರಣ ಸರಳವಾದದ್ದು. ದುಃಖಕ್ಕೆ ಹೊತ್ತುಗೊತ್ತಿಲ್ಲ, ಅಂಚುದಡವಿಲ್ಲ. ರಾಗಕ್ಕಾದರೋ ಒಂದು ಮನೆಯಿದೆ. ಎಷ್ಟು ದೂರ ಅಲೆದರೂ ಸ್ವರ ಷಡ್ಜಕ್ಕೆ ಮರಳುತ್ತದೆ. ಮರಳುವುದೆಂದು ಕಿವಿ ನಂಬಿ ಕಾಯುತ್ತದೆ. ವಿಲಂಬಿತ ಲಯಕ್ಕೆ ಹೊಂದಿಕೊಳ್ಳುತ್ತ ಕೇಳುವವನ ಉಸಿರೂ ನಿಧಾನವಾಗುತ್ತದೆ.

ಇನ್ನೊಂದು ಕಾರಣವನ್ನು ನಮ್ಮ ಮೀಮಾಂಸಕರು, ಭಟ್ಟನಾಯಕ ಅಭಿನವಗುಪ್ತರು, ಸಾಧಾರಣೀಕರಣವೆಂದು ಕರೆದರು. ‘ನನ್ನದು’, ‘ಪರರದು’ ಎಂಬ ಕಟ್ಟಿನಿಂದ ಬಿಡಿಸಿಕೊಂಡಾಗಲೇ ಶೋಕವು ಆಸ್ವಾದ್ಯವಾಗುವುದು. ಸ್ವಂತ ಮನೆಯ ಸಾವು ರಸವಾಗಲಾರದು. ಅದು ಲೌಕಿಕ ಶೋಕವೇ ಸರಿ. ಆದರೆ ನಾದವು ಆ ಕಟ್ಟನ್ನು ಕೆಲವು ಗಳಿಗೆ ಸಡಿಲಿಸಬಲ್ಲದು. ಅಂದು ಜೋಗಿಯಾದ ಮುಂದೆ ಅತ್ತವನು ನಾನೊಬ್ಬನೇ ಅಲ್ಲವೆನಿಸಿತು. ಆ ರಾಗವನ್ನು ಹಾಡಿದ, ಕೇಳಿದ ಎಷ್ಟೋ ತಲೆಮಾರಿನ ನೊಂದವರು ನನ್ನ ಜೊತೆಗಿದ್ದರು.

ಶಾಸ್ತ್ರವನ್ನು ಓದದ ನಮ್ಮ ಹಳ್ಳಿಗಳು ಇದನ್ನು ಬಲ್ಲವು. ಉತ್ತರ ಕರ್ನಾಟಕದ ಕಡೆ ಸಾವಿನ ಮನೆಯಲ್ಲಿ ಭಜನೆಯವರು ತಾಳ ಹಿಡಿದು ರಾತ್ರಿಯೆಲ್ಲ ಶಿಶುನಾಳ ಷರೀಫರ (1819–1889) ತತ್ವಪದಗಳನ್ನು ಹಾಡುವುದುಂಟು. ಹೆಂಗಸರು ಬರಿದೆ ಅಳುವುದಿಲ್ಲ, ‘ಹಾಡಿಕೊಂಡು ಅಳುತ್ತಾರೆ’: ಹೋದವರ ಒಂದೊಂದು ಗುಣವನ್ನೂ ದನಿಯೆಳೆದು ನೆನೆಯುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. ಪಟ್ಟಣದ ನಾವು ಅದನ್ನು ಅನಾಗರಿಕವೆಂದು ಬಿಟ್ಟೆವು. ಬಿಟ್ಟು, ಬಾಗಿಲು ಹಾಕಿಕೊಂಡು ಸುಮ್ಮನೆ ಕುಳಿತೆವು.

ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ (1913–2009) ಮಗಳು ಕೃಷ್ಣಾ, ದಶಕಗಳ ಕಾಲ ವೇದಿಕೆಯಲ್ಲಿ ತಾಯಿಗೆ ದನಿಗೂಡಿಸಿದವರು. 2004ರಲ್ಲಿ ಆಕೆ ತೀರಿಕೊಂಡರು. ತೊಂಬತ್ತು ದಾಟಿದ ತಾಯಿ 2006ರಲ್ಲಿ ಮತ್ತೆ ವೇದಿಕೆಯ ಮೇಲೆ ಕುಳಿತು ಹಾಡಿದರು. ಮಗಳ ದನಿಯಿಲ್ಲದ ಆ ಸ್ಥಳ ಹಾಡಿನಿಂದ ತುಂಬಿತೆಂದು ಹೇಳಲು ನಾವು ಯಾರು? ಆ ಸ್ಥಳವನ್ನು ಹಾಗೆಯೇ ಇಟ್ಟುಕೊಂಡೂ ಹಾಡಬಹುದೆಂಬುದಕ್ಕೆ ಅವರು ಸಾಕ್ಷಿ.

ಆದುದರಿಂದ, ದುಃಖದಲ್ಲಿರುವವರಿಗೆ ಸಂಗೀತವನ್ನು ಮದ್ದೆಂದು ಯಾರೂ ಬಲವಂತವಾಗಿ ಕುಡಿಸಬಾರದು. ಯಾವ ಕೆರೆ ಎಂದು ಕೋಡಿ ಬೀಳುವುದೋ ಹೊರಗಿನವರು ಅರಿಯರು. ನನ್ನಾಕೆ ಮೊರದಲ್ಲಿ ಅಕ್ಕಿ ಆರಿಸುತ್ತ ಗುನುಗುತ್ತಿದ್ದ ಒಂದು ದೇವರನಾಮವಿದೆ. ರೇಡಿಯೊದಲ್ಲಿ ಅದು ಬಂದರೆ ಇಂದಿಗೂ ನಾನು ಎದ್ದು ಜಗಲಿಗೆ ಹೋಗುತ್ತೇನೆ. ಮೊದಲೆಲ್ಲ ಹೋಗುವಾಗ ಬಾಗಿಲನ್ನು ಎಳೆದುಕೊಳ್ಳುತ್ತಿದ್ದೆ. ಈಚೆಗೆ ಎಳೆದುಕೊಳ್ಳುವುದಿಲ್ಲ.