ಸರಕಿನ ಹುಟ್ಟೂರು ಯಾವುದು? ರಫ್ತುದಾರನ ಮಾತು, ರೈತನ ಚೀಟಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂದು ಹಿರಿಯರು ಹೇಳಿದ್ದಾರೆ. ಸುಂಕದ ಕಟ್ಟೆಯಲ್ಲಿ ನಡೆಯುವುದು ಕಾಗದದ ಮಾತು. ನೀವು ತುಮಕೂರು, ಹಾಸನ, ದಾವಣಗೆರೆ ಅಥವಾ ಹಾವೇರಿ ಕಡೆಯಲ್ಲಿ ಕಂಪೆನಿಯೊಂದಿಗೆ ಒಪ್ಪಂದ ಮಾಡಿಕೊಂಡು ಮಿಡಿ ಸೌತೆ ಬೆಳೆಯುವವರಾದರೆ, ನಿಮ್ಮ ಕಾಯಿ ಡ್ರಮ್ಮಿಗೋ ಸೀಸೆಗೋ ತುಂಬಿ ಹಡಗು ಹತ್ತುತ್ತದೆ. ಆ ಕಡೆಯ ಬಂದರಿನಲ್ಲಿ ಅದನ್ನು ಇಳಿಸಿಕೊಳ್ಳುವಾಗ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಈ ಸರಕು ಹುಟ್ಟಿದ್ದು ಯಾವ ದೇಶದಲ್ಲಿ?" ಉತ್ತರಕ್ಕೆ ತಕ್ಕಂತೆ ಸುಂಕ ಏರುತ್ತದೆ, ಇಲ್ಲವೆ ಇಳಿಯುತ್ತದೆ.

ಈ ಉತ್ತರವನ್ನು ಹಿಂದೆ ಸರ್ಕಾರಿ ಕಚೇರಿಯೊಂದು ಮೊಹರು ಹಾಕಿ ಕೊಡುತ್ತಿತ್ತು. ಈಗ ಹಲವು ಕಡೆ ರಫ್ತುದಾರನೇ ತನ್ನ ಕೈಯಾರೆ ಬರೆದುಕೊಡಬಹುದು. ಇದಕ್ಕೆ ಮೂಲದ ಸ್ವಯಂ ಘೋಷಣೆ ಎನ್ನುತ್ತಾರೆ. "ಇದು ಕಂಪೆನಿಯವರ ಕೆಲಸ, ನಮಗೇನು?" ಎಂದು ಪುಟ ತಿರುವಬೇಡಿ. ಅವರ ಮಾತಿಗೆ ಆಧಾರ ನಿಮ್ಮ ಹೊಲ.

ಹುಟ್ಟೂರು ಎಂದರೇನು?

ಸರಕು ಹಡಗು ಹತ್ತಿದ ಬಂದರು ಅದರ ಹುಟ್ಟೂರಲ್ಲ, ಚೀಲಕ್ಕೆ ತುಂಬಿದ ಊರೂ ಅಲ್ಲ. ಒಂದು ದೇಶದ ನೆಲದಲ್ಲಿ ಬೆಳೆದು ಅಲ್ಲಿಯೇ ಕೊಯ್ದ ಬೆಳೆಯನ್ನು "ಪೂರ್ಣವಾಗಿ ಅಲ್ಲಿಯೇ ದೊರೆತದ್ದು" ಎಂದು ಲೆಕ್ಕ ಹಾಕುತ್ತಾರೆ. ಹೊರದೇಶದ ಕಚ್ಚಾ ಸಾಮಗ್ರಿ ಸೇರಿದ್ದರೆ, ಅದರ ಮೇಲೆ ಇಲ್ಲಿ ಸಾಕಷ್ಟು ಕೆಲಸ ನಡೆದಿರಬೇಕು. ಎಷ್ಟು ಕೆಲಸವೆಂಬುದನ್ನು ಪ್ರತಿಯೊಂದು ಒಪ್ಪಂದವೂ ಸರಕಿನ ಪ್ರಕಾರ ಗೊತ್ತುಪಡಿಸಿರುತ್ತದೆ. ಬರಿಯ ಜರಡಿ ಹಿಡಿಯುವುದು, ತೊಳೆಯುವುದು, ಆರಿಸುವುದು, ಚೀಲ ಬದಲಿಸುವುದು, ಚೀಟಿ ಅಂಟಿಸುವುದು ಸಾಲದು. ಎಮ್ಮೆಯ ಮೈ ತೊಳೆದ ಮಾತ್ರಕ್ಕೆ ಅದು ನಿಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ್ದಾಗುವುದಿಲ್ಲ!

ಘೋಷಣೆ ಮಾಡುವ ಬಗೆ

ಯೂರೋಪಿನ ಒಕ್ಕೂಟದ ವ್ಯವಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೆಳೆಯುತ್ತಿರುವ ದೇಶಗಳ ಸರಕಿಗೆ ಆ ಒಕ್ಕೂಟ ಜಿ.ಎಸ್.ಪಿ. ಎಂಬ ಪದ್ಧತಿಯಡಿ ಸುಂಕದ ರಿಯಾಯಿತಿ ಕೊಡುತ್ತ ಬಂದಿದೆ. ಇದು ಎರಡು ಕಡೆಯ ಒಪ್ಪಂದವಲ್ಲ, ಅವರಾಗಿಯೇ ಕೊಡುವ ರಿಯಾಯಿತಿ. ಆದರೆ ಮೂಲದ ನಿಯಮ ಅದಕ್ಕೂ ಉಂಟು. ಮೊದಲು ಪ್ರತಿ ರವಾನೆಗೂ "ಫಾರ್ಮ್ ಎ" ಎಂಬ ಪ್ರಮಾಣಪತ್ರ ತರಬೇಕಾಗಿತ್ತು. 2017ರ ಜನವರಿ 1ರಿಂದ ಇದರ ಸ್ಥಾನದಲ್ಲಿ ನೋಂದಾಯಿತ ರಫ್ತುದಾರರ ಪದ್ಧತಿ ಜಾರಿಗೆ ಬಂತು. ಇದನ್ನು ಚುಟುಕಾಗಿ "ರೆಕ್ಸ್" ಎನ್ನುತ್ತಾರೆ. ಅದರ ಹಂತಗಳು ಹೀಗಿವೆ:

1. ರಫ್ತು ಮಾಡುವವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಕೇತ ಸಂಖ್ಯೆ ಪಡೆದಿರಬೇಕು.

2. ಅನಂತರ ರೆಕ್ಸ್ ಪದ್ಧತಿಯಲ್ಲಿ ಹೆಸರು ನೋಂದಾಯಿಸಿ ಬೇರೊಂದು ಸಂಖ್ಯೆ ಪಡೆಯಬೇಕು. ರವಾನೆಯಲ್ಲಿರುವ ಮೂಲದ ಸರಕಿನ ಬೆಲೆ 6,000 ಯೂರೋ ಮೀರದಿದ್ದರೆ ನೋಂದಣಿ ಇಲ್ಲದವರೂ ಘೋಷಣೆ ಬರೆಯಬಹುದು. ಮೀರಿದರೆ ನೋಂದಣಿ ಬೇಕೇ ಬೇಕು.

3. ಇನ್‌ವಾಯ್ಸ್ ಅಥವಾ ಅಂಥ ವ್ಯಾಪಾರಿ ಕಾಗದದ ಮೇಲೆ ಗೊತ್ತಾದ ಒಕ್ಕಣೆಯನ್ನೇ ಬರೆಯಬೇಕು. ಕಳಿಸುವವರ ಮತ್ತು ಪಡೆಯುವವರ ಹೆಸರು, ವಿಳಾಸ, ಸರಕಿನ ವಿವರ, ತಾರೀಖು ಅದರಲ್ಲಿ ಇರಬೇಕು. ಪೂರ್ಣವಾಗಿ ಇಲ್ಲಿಯೇ ಬೆಳೆದ ಸರಕಾದರೆ "ಪಿ" ಎಂಬ ಗುರುತು, ಸಂಸ್ಕರಿಸಿದ್ದರಿಂದ ಅರ್ಹವಾದ ಸರಕಾದರೆ "ಡಬ್ಲ್ಯು" ಎಂಬ ಗುರುತು ಹಾಕುತ್ತಾರೆ.

4. ಈ ಘೋಷಣೆ 12 ತಿಂಗಳ ಕಾಲ ಊರ್ಜಿತ. ಆಧಾರದ ದಾಖಲೆಗಳನ್ನು ಘೋಷಣೆ ಬರೆದ ವರ್ಷದ ಕೊನೆಯಿಂದ ಕನಿಷ್ಠ 3 ವರ್ಷ ಜೋಪಾನ ಮಾಡಬೇಕು.

2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ಒಪ್ಪಂದದಲ್ಲಿಯೂ ಸ್ವಯಂ ಘೋಷಣೆಗೆ ಎಡೆ ಇದೆ. ಆದರೆ ಎಲ್ಲ ಒಪ್ಪಂದಗಳೂ ಒಂದೇ ತೆರನಲ್ಲ. 2022ರ ಮೇ 1ರಂದು ಜಾರಿಗೆ ಬಂದ ಸಂಯುಕ್ತ ಅರಬ್ ಎಮಿರೇಟ್ಸ್ ಒಪ್ಪಂದಕ್ಕೂ, ಅದೇ ವರ್ಷದ ಡಿಸೆಂಬರ್ 29ರಂದು ಜಾರಿಗೆ ಬಂದ ಆಸ್ಟ್ರೇಲಿಯ ಒಪ್ಪಂದಕ್ಕೂ ಅಧಿಕೃತ ಸಂಸ್ಥೆ ಕೊಟ್ಟ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಸರಕು ಹೋಗುವ ದೇಶ ಯಾವುದೆಂದು ನೋಡಿ ಕಾಗದ ಸಿದ್ಧಮಾಡಬೇಕು.

ಕೆಲವು ಸರಕಿಗೆ ಈ ಕಾಗದದಿಂದ ಸುಂಕದ ಲಾಭವೇ ಇಲ್ಲ. ಹುರಿಯದ ಸಾಮಾನ್ಯ ಕಾಫಿ ಬೀಜಕ್ಕೆ ಯೂರೋಪಿನ ಒಕ್ಕೂಟದಲ್ಲಿ ಯಾವ ದೇಶದಿಂದ ಬಂದರೂ ಸುಂಕವಿಲ್ಲ. ಹುರಿದ ಕಾಫಿಗೆ ಸುಂಕ ಉಂಟು, ಅಲ್ಲಿ ಕಾಗದಕ್ಕೆ ಬೆಲೆ ಬರುತ್ತದೆ.

ಮಾತು ಸುಲಭ, ಹೊಣೆ ಭಾರ

ಕಚೇರಿಯ ಮೊಹರು ಹೋಯಿತೆಂದರೆ ತಪಾಸಣೆ ಹೋಯಿತೆಂದಲ್ಲ. ಆಮದು ದೇಶದ ಸುಂಕದವರಿಗೆ ಅನುಮಾನ ಬಂದರೆ ನಮ್ಮ ಅಧಿಕಾರಿಗಳಿಗೆ ಬರೆದು ಕೇಳುತ್ತಾರೆ. ಆಗ ರಫ್ತುದಾರ ದಾಖಲೆ ತೋರಿಸಬೇಕು. ತೋರಿಸಲಾಗದಿದ್ದರೆ ರಿಯಾಯಿತಿ ರದ್ದಾಗಿ, ಸರಕು ಕೊಂಡವನು ಪೂರ್ತಿ ಸುಂಕ ಕಟ್ಟಬೇಕಾಗುತ್ತದೆ. ಸುಳ್ಳು ಘೋಷಣೆ ಬರೆದ ರಫ್ತುದಾರನ ನೋಂದಣಿಯೂ ಹೋಗಬಹುದು. ಒಮ್ಮೆ ಕೈಸುಟ್ಟುಕೊಂಡ ಗಿರಾಕಿ ಮರುವರ್ಷ ಬರುವುದು ಕಷ್ಟ. ಆ ಹೊಡೆತ ಕೊನೆಗೆ ಬೀಳುವುದು, ಬೀಜ ಹಾಕಿ ಬಳ್ಳಿ ಹಬ್ಬಿಸಿ ಕೂತ ನಿಮ್ಮ ಮೇಲೆ.

ಆದುದರಿಂದ ನೀವು ಮಾಡಬೇಕಾದ್ದು ಇಷ್ಟು. ಒಪ್ಪಂದದ ಪ್ರತಿಯೊಂದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಕಾಯಿ ಕೊಟ್ಟ ಪ್ರತಿ ದಿನವೂ ತೂಕ, ದರ್ಜೆ, ತಾರೀಖು, ಸರ್ವೆ ನಂಬರು ಬರೆದ ಚೀಟಿ ಪಡೆಯಿರಿ. ಪಹಣಿಯಲ್ಲಿ ಬೆಳೆಯ ಹೆಸರು ಸರಿಯಾಗಿ ನಮೂದಾಗಿದೆಯೇ ನೋಡಿಕೊಳ್ಳಿ. ಬೀಜ, ಗೊಬ್ಬರ, ಔಷಧಿಯ ರಸೀದಿಗಳನ್ನು ಬಿಸಾಡಬೇಡಿ. ನೆರೆಯವರ ಕಾಯನ್ನು ನಿಮ್ಮ ಹೆಸರಿನಲ್ಲಿ ತೂಗಿಸಬೇಡಿ. ಅದೂ ನಮ್ಮ ದೇಶದ್ದೇ ನಿಜ, ಹುಟ್ಟೂರು ಬದಲಾಗದು. ಆದರೆ ಒಂದು ಎಕರೆಯ ಹೆಸರಿನಲ್ಲಿ ಎರಡು ಎಕರೆಯ ಕಾಯಿ ಕಂಡರೆ, ತಪಾಸಣೆಯವರು ಇಡೀ ಲೆಕ್ಕವನ್ನೇ ನಂಬುವುದಿಲ್ಲ.

ಇನ್ನೊಂದು ಮಾತು. ಔಷಧಿಯ ಉಳಿಕೆಯ ಪರೀಕ್ಷೆ ಬೇರೆ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇರೆ. ಮೂಲದ ಘೋಷಣೆ ಅವುಗಳ ಬದಲಿಗೆ ನಡೆಯುವುದಿಲ್ಲ.

ಕಾಳುಮೆಣಸಿನ ಪಾಠ

ಹುಟ್ಟೂರಿನ ಕಾಗದ ಸುಳ್ಳಾದರೆ ಏನಾಗುತ್ತದೆಂಬುದನ್ನು ಕೊಡಗು, ಚಿಕ್ಕಮಗಳೂರು, ಹಾಸನದ ಮೆಣಸು ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರಲ್ಲಿ ಸಹಿಯಾಗಿ, ಅದು 2000ದ ಮಾರ್ಚಿನಲ್ಲಿ ಜಾರಿಗೆ ಬಂತು. ಶ್ರೀಲಂಕಾದಲ್ಲಿ ಬೆಳೆದ ಮೆಣಸಿಗೆ ಇಲ್ಲಿ ಸುಂಕದ ರಿಯಾಯಿತಿ ದೊರೆಯಿತು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರು ಹೊತ್ತು ಒಳಗೆ ಬರುತ್ತಿದೆ, ಅದರಿಂದ ನಮ್ಮ ಬೆಲೆ ಕುಸಿಯುತ್ತಿದೆ ಎಂದು ಬೆಳೆಗಾರರು ವರ್ಷಗಟ್ಟಲೆ ಕೂಗಿದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆ ಗೊತ್ತುಮಾಡಿತು.

2020ರಲ್ಲಿ ಸುಂಕದ ಕಾಯಿದೆಗೆ 28 ಡಿ.ಎ. ಎಂಬ ಹೊಸ ಕಲಮು ಸೇರಿತು. ಅದರ ನಿಯಮಗಳು ಅದೇ ವರ್ಷದ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದವು. ಬರಿಯ ಪ್ರಮಾಣಪತ್ರ ಮುಂದೆ ಹಿಡಿದರೆ ಈಗ ಆಮದುದಾರನ ಕೆಲಸ ಮುಗಿಯದು. ಸರಕು ಆ ದೇಶದ್ದು ಹೇಗೆ ಎಂಬ ವಿವರ ಅವನ ಕೈಯಲ್ಲಿರಬೇಕು, ಅದನ್ನು ಕನಿಷ್ಠ 5 ವರ್ಷ ಇಟ್ಟಿರಬೇಕು. ಹೊರಗಿನವರ ಕಾಗದ ಸತ್ಯವಾಗಿರಲಿ ಎಂದು ಬಯಸುವ ನಾವು, ನಮ್ಮ ಕಾಗದವನ್ನೂ ಸತ್ಯವಾಗಿ ಇಡುವುದು ನ್ಯಾಯ.

ಲಾಭ ಯಾರಿಗೆ?

ಸುಂಕ ಇಳಿದಾಗ ಮೊದಲು ಉಳಿತಾಯವಾಗುವುದು ಹೊರದೇಶದ ಕೊಳ್ಳುಗನಿಗೆ. ಅದರಲ್ಲಿ ಒಂದು ಪಾಲು ರಫ್ತುದಾರನಿಗೆ, ಅಲ್ಲಿಂದ ನಿಮಗೆ ಬರುವುದು ತಾನಾಗಿ ಆಗುವ ಸಂಗತಿಯಲ್ಲ. ಕೇಳಿದರೆ ಬಂದೀತು. ಮುಂದಿನ ಹಂಗಾಮಿಗೆ ಒಪ್ಪಂದ ಬರೆಯುವ ಮುನ್ನ ಊರಿನ ಬೆಳೆಗಾರರು ಒಟ್ಟಾಗಿ ಕೂತು ಕಂಪೆನಿಯವರನ್ನು ಕೇಳಿ: ಸರಕು ಯಾವ ದೇಶಕ್ಕೆ ಹೋಗುತ್ತದೆ? ಅಲ್ಲಿ ಸುಂಕದ ರಿಯಾಯಿತಿ ಉಂಟೇ? ಮೂಲದ ಘೋಷಣೆಗೆ ನಮ್ಮಿಂದ ಯಾವ ದಾಖಲೆ ಬೇಕು? ದಾಖಲೆ ಚೊಕ್ಕವಾಗಿ ಕೊಟ್ಟವರಿಗೆ ದರದಲ್ಲಿ ಏನು ಅನುಕೂಲ? ರೈತ ಉತ್ಪಾದಕರ ಕಂಪೆನಿ ಕಟ್ಟಿಕೊಂಡವರು ತಾವೇ ನೋಂದಣಿ ಮಾಡಿಸಿಕೊಂಡು ಘೋಷಣೆ ಬರೆಯುವ ದಾರಿಯೂ ತೆರೆದಿದೆ.

ಇಷ್ಟಕ್ಕೆಲ್ಲ ಬೇಕಾದ ಬಂಡವಾಳ ಒಂದು ನೋಟುಬುಕ್ಕು, ಚೀಟಿ ಪೋಣಿಸಲು ಒಂದು ತಂತಿ. ನಾಳೆಯ ಕೊಯ್ಲಿನ ಚೀಟಿಯಿಂದಲೇ ಪ್ರಾರಂಭಿಸಿ.