ಪಾಳಿ ಕೆಲಸದವರ ಕರಾಟೆ: ಒಂದು ತರಗತಿಗೆ ನಿಜವಾಗಿ ಎಷ್ಟು ಬೀಳುತ್ತದೆ?

ಹುಬ್ಬಳ್ಳಿ–ಧಾರವಾಡದಲ್ಲಿ ಹಗಲು ರಾತ್ರಿ ಎನ್ನದೆ ಡ್ಯೂಟಿ ಮಾಡುವವರ ಸಂಖ್ಯೆ ದೊಡ್ಡದು. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಿಂದ ಇಲ್ಲಿದೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ 1997ರಿಂದ ಇಲ್ಲಿಂದಲೇ ನಡೆಯುತ್ತಿದೆ. 1957ರಲ್ಲಿ ಶುರುವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಊರು ಇಂದಿಗೂ ಕಿಮ್ಸ್ ಎಂದೇ ಕರೆಯುತ್ತದೆ. ಅದರ ವಾರ್ಡುಗಳಲ್ಲಿ ದೀಪ ಆರುವುದಿಲ್ಲ. ಗಾರ್ಡು, ಡ್ರೈವರು, ಕಂಡಕ್ಟರು, ನರ್ಸು, ಇವರಲ್ಲಿ ಯಾರಿಗಾದರೂ ಮೂವತ್ತು ದಾಟಿದ ಮೇಲೆ ಕರಾಟೆಯನ್ನೋ ಕುಸ್ತಿಯನ್ನೋ ಕಲಿಯುವ ಆಸೆ ಹುಟ್ಟಿದರೆ ವಯಸ್ಸಿಗಿಂತ ಮೊದಲು ಅಡ್ಡ ಬರುವುದು ಗಡಿಯಾರ.

ಸಮಯವೇ ಇಲ್ಲ ಎನ್ನುವ ಮಾತನ್ನು ಮೊದಲು ಲೆಕ್ಕಕ್ಕೆ ಹಚ್ಚೋಣ. ವಾರಕ್ಕೆ 168 ತಾಸು. 1989ರ ರೈಲ್ವೆ ಕಾಯ್ದೆ ಸಾಮಾನ್ಯ ನಿರಂತರ ಕೆಲಸದ ನೌಕರರಿಗೆ ಹಾಕಿದ ಮಿತಿ ವಾರಕ್ಕೆ ಸರಾಸರಿ 54 ತಾಸು. ದಿನಕ್ಕೆ 7ರಂತೆ ನಿದ್ದೆಗೆ 49 ತಾಸು ಕಳೆದರೆ 65 ತಾಸು ಉಳಿಯುತ್ತವೆ. ಮನೆಗೆಲಸ, ಊಟ, ಓಡಾಟ ಎಲ್ಲ ಅದರಲ್ಲೇ ಆಗಬೇಕು, ನಿಜ. ಆದರೂ ವಾರಕ್ಕೆ ಮೂರು ತಾಸಿನ ಅಭ್ಯಾಸಕ್ಕೆ ಜಾಗ ಸಿಗದಷ್ಟು ಬಡತನ ಅದರಲ್ಲಿಲ್ಲ. ತೊಡಕು ಇರುವುದು ಈ 65 ತಾಸು ಪ್ರತಿ ವಾರ ಬೇರೆ ಬೇರೆ ಹೊತ್ತಿಗೆ ಬೀಳುವುದರಲ್ಲಿ. ಕರಾಟೆ ಶಾಲೆಯ ತರಗತಿ ಮಾತ್ರ ವರ್ಷವಿಡೀ ಒಂದೇ ಹೊತ್ತಿಗೆ ನಡೆಯುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಪಾಳಿ ವಾರಕ್ಕೊಮ್ಮೆ ತಿರುಗುತ್ತದೆ: ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ 10, ರಾತ್ರಿ 10ರಿಂದ 6. ಶಾಲೆಯಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಸಂಜೆ 6.30ಕ್ಕೆ ಒಂದು ತಾಸಿನ ತರಗತಿ. ವರ್ಷಕ್ಕೆ 156 ತರಗತಿ. ಶುಲ್ಕ ಶಾಲೆಯಿಂದ ಶಾಲೆಗೆ ಬೇರೆ. ಲೆಕ್ಕ ಸುಲಭವಾಗಲೆಂದು ತಿಂಗಳಿಗೆ 1,000 ರೂಪಾಯಿ, ಅಂದರೆ ವರ್ಷಕ್ಕೆ 12,000 ಎಂದಿಟ್ಟುಕೊಳ್ಳೋಣ. ಒಂದೂ ತಪ್ಪಿಸದವರಿಗೆ ತರಗತಿಗೆ 77 ರೂಪಾಯಿ ಬೀಳುತ್ತದೆ.

ಪಾಳಿಯವರಿಗೆ ಹಾಗಾಗುವುದಿಲ್ಲ. ಮಧ್ಯಾಹ್ನದ ಪಾಳಿಯ ವಾರದಲ್ಲಿ ಮೂರೂ ತರಗತಿ ಹೋದಂತೆಯೇ. ರಾತ್ರಿ ಪಾಳಿಯ ವಾರದಲ್ಲಿ ಗಡಿಯಾರದ ಪ್ರಕಾರ ಸಂಜೆ ಹೋಗಬಹುದು, ಮೈ ಮಾತ್ರ ಮೂರಕ್ಕೂ ಒಪ್ಪುವುದಿಲ್ಲ. ಒಂದಕ್ಕೆ ಹೋಗಿ, ಅಂದು ಎದುರಾಳಿಯೊಂದಿಗಿನ ಕಾದಾಟವನ್ನು ಬಿಟ್ಟು ಬರೀ ಹೆಜ್ಜೆ-ಹೊಡೆತ ತಿದ್ದಿಕೊಂಡು ಬರುವುದು ಒಳ್ಳೆಯದು ಎಂದು ನನ್ನ ಗಟ್ಟಿ ಅಭಿಪ್ರಾಯ. ನಿದ್ದೆಗೆಟ್ಟ ಕಣ್ಣಿಗೆ ಬರುವ ಒದೆ ತಡವಾಗಿ ಕಾಣುತ್ತದೆ. ಹೀಗೆ ಮೂರು ವಾರಕ್ಕೆ ನಾಲ್ಕು ತರಗತಿ, ವರ್ಷಕ್ಕೆ 69. ತರಗತಿಯ ಬೆಲೆ 174 ರೂಪಾಯಿಗೆ ಏರಿತು. ಬೆಳಗಿನ 6 ಗಂಟೆಯ ಬ್ಯಾಚಿಗಷ್ಟೇ ಸೇರಿದ್ದರೆ ಮೂರು ವಾರದಲ್ಲಿ ಒಂದೇ ವಾರ ಸಿಗುತ್ತದೆ: ವರ್ಷಕ್ಕೆ 52 ತರಗತಿ, ತಲಾ 231 ರೂಪಾಯಿ.

ಅದೇ ಶಾಲೆ, ಅದೇ ಶುಲ್ಕಕ್ಕೆ, ಎರಡೂ ಬ್ಯಾಚಿಗೆ ಬಾಗಿಲು ತೆರೆದರೆ ಲೆಕ್ಕ ಮಗುಚಿ ಬೀಳುತ್ತದೆ. ಮೊದಲ ಪಾಳಿಯ ವಾರ ಸಂಜೆ ಮೂರು, ಎರಡನೇ ಪಾಳಿಯ ವಾರ ಬೆಳಿಗ್ಗೆ ಮೂರು, ರಾತ್ರಿ ಪಾಳಿಯ ವಾರ ಒಂದು. ಮೂರು ವಾರಕ್ಕೆ ಏಳು, ವರ್ಷಕ್ಕೆ 121, ತಲಾ 99 ರೂಪಾಯಿ. ಗುರುಗಳಿಗೆ ಇದರಿಂದ ಒಂದು ರೂಪಾಯಿಯೂ ನಷ್ಟವಿಲ್ಲ, ಚಾಪೆ ಅದೇ, ತಾಸು ಅದೇ. ಕಲಿಯುವವರಿಗೆ 52 ತರಗತಿ ಹೆಚ್ಚು ಸಿಕ್ಕಿತು.

ರೈಲು ಓಡಿಸುವವರ ಸ್ಥಿತಿ ಇದಕ್ಕಿಂತ ಬಿಗಿ. ಲೋಕೊ ಪೈಲಟ್, ಗಾರ್ಡು ಮುಂತಾದ ರನ್ನಿಂಗ್ ಸ್ಟಾಫಿಗೆ ವಾರದ ರಜೆ ಎಂಬ ನಿಗದಿತ ದಿನವಿಲ್ಲ. ಕಾಯ್ದೆ ಹೇಳುವುದು ಇಷ್ಟೇ: ತಿಂಗಳಿಗೆ ಕನಿಷ್ಠ 30 ತಾಸಿನ ನಾಲ್ಕು ವಿಶ್ರಾಂತಿ, ಇಲ್ಲವೇ ಕನಿಷ್ಠ 22 ತಾಸಿನ ಐದು. 30 ತಾಸು 24ಕ್ಕಿಂತ ಹೆಚ್ಚಾದ್ದರಿಂದ ಪ್ರತಿ ವಿಶ್ರಾಂತಿಯಲ್ಲಿ ಸಂಜೆ 6.30 ಒಮ್ಮೆಯಾದರೂ ಬಂದೇ ಬರುತ್ತದೆ. ಆ ಸಂಜೆ ಸೋಮ, ಬುಧ, ಶುಕ್ರವಾರವೇ ಆಗಬೇಕೆಂದರೆ ಸರಾಸರಿ ಸಿಗುವುದು ತಿಂಗಳಿಗೆ ಸುಮಾರು ಎರಡು ತರಗತಿ, ತಲಾ 500 ರೂಪಾಯಿ. ವಾರದಲ್ಲಿ ಆರು ದಿನ ತೆರೆದಿರುವ ಕಡೆ ಸೇರಿದರೆ ನಾಲ್ಕಾಗುತ್ತದೆ, ಬೆಲೆ 250ಕ್ಕೆ ಇಳಿಯುತ್ತದೆ. ನಡುವೆ ಸಿಗುವ ಚಿಕ್ಕ ಬಿಡುವುಗಳನ್ನು ನಾನು ಎಣಿಸಿಲ್ಲ, ಅವು ನಿದ್ದೆಗೆ ಸಲ್ಲಬೇಕು.

ದಿನವೂ ಸಾಮು ನಡೆಯುವ ಗರಡಿಮನೆ ಇಲ್ಲಿ ನೆನಪಿಗೆ ಬರುತ್ತದೆ. ಕುಸ್ತಿ ಈ ಸೀಮೆಗೆ ಹೊಸದಲ್ಲ. 2020ರ ಫೆಬ್ರವರಿಯಲ್ಲಿ ರಾಜ್ಯಮಟ್ಟದ ಕುಸ್ತಿ ಹಬ್ಬ ನಡೆದದ್ದೂ ಧಾರವಾಡದಲ್ಲೇ. ದಂಡ, ಬೈಠಕ್ ಇವನ್ನು ತಡವಾಗಿ ಬಂದವರೂ ಒಬ್ಬರೇ ತೆಗೆಯಬಹುದು, ಜೊತೆಗಾರ ಬೇಕಿಲ್ಲ. ಆದರೆ ಗರಡಿ ಹಿಂದಿನಿಂದಲೂ ಗಂಡಸರ ಜಾಗವಾಗಿಯೇ ಉಳಿದಿದೆ. ಆಸ್ಪತ್ರೆಯ ನರ್ಸುಗಳಿಗೆ ಅದರ ಬಾಗಿಲು ಸುಲಭಕ್ಕೆ ತೆರೆಯದು, ಇದು ಬದಲಾಗಬೇಕು.

ಶುಲ್ಕಕ್ಕಿಂತ ದೊಡ್ಡ ಖರ್ಚು ರಸ್ತೆಯ ಮೇಲಿದೆ. ಹುಬ್ಬಳ್ಳಿಯಲ್ಲಿದ್ದು ಧಾರವಾಡದ ಶಾಲೆ ಹಿಡಿದರೆ ಹೋಗಿಬರಲು 40 ಕಿಲೋಮೀಟರು. 156 ತರಗತಿಗೆ 6,240 ಕಿಲೋಮೀಟರು. ಬೈಕು ಲೀಟರಿಗೆ 50 ಕೊಟ್ಟರೆ 125 ಲೀಟರು ಪೆಟ್ರೋಲು, ಲೀಟರಿಗೆ ಬರೀ 100 ರೂಪಾಯಿ ಹಿಡಿದರೂ 12,500. ವರ್ಷದ ಶುಲ್ಕವನ್ನೇ ಮೀರಿತು. ಹೋಗಿಬರಲು ಒಂದೂವರೆ ತಾಸು ಎಂದರೆ ವರ್ಷಕ್ಕೆ 234 ತಾಸು ದಾರಿಯಲ್ಲಿ, 156 ತಾಸು ಚಾಪೆಯ ಮೇಲೆ. ಮೂರು ಕಿಲೋಮೀಟರಿನೊಳಗಿನ ಶಾಲೆಗಾದರೆ 936 ಕಿಲೋಮೀಟರು, 1,900 ರೂಪಾಯಿಯೊಳಗೆ ಮುಗಿಯುತ್ತದೆ. ಹೆಬ್ಬಳ್ಳಿಯಂಥ ಸುತ್ತಲ ಹಳ್ಳಿಗಳಿಂದ ಬರುವವರು ಮನೆಯ ಹತ್ತಿರದ ಶಾಲೆ ಹುಡುಕುವುದಕ್ಕಿಂತ ಕೆಲಸದ ಜಾಗದ ಹತ್ತಿರದ್ದು ಹುಡುಕುವುದು ಲಾಭ. ಹೇಗೂ ಅಲ್ಲಿಗೆ ಬಂದೇ ಬರಬೇಕು.

ಸೇರುವ ಮೊದಲು ಬೆಲ್ಟ್ ಪರೀಕ್ಷೆಯ ಖರ್ಚನ್ನೂ ಕೇಳಿ. ಬೆಲ್ಟಿನ ಕ್ರಮ ಜೂಡೊದಿಂದ ಬಂದದ್ದು. 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ 12 ಚಾಪೆಯ ಕೋಣೆಯಲ್ಲಿ ಜೂಡೊ ಶುರುಮಾಡಿದ ಜಿಗೊರೊ ಕಾನೊ, ಮರುವರ್ಷವೇ ದಾನ್ ಎಂಬ ಮೇಲ್ದರ್ಜೆ ಕೊಡಲು ತೊಡಗಿದರು. ಇಂದು ಅನೇಕ ಶಾಲೆಗಳು ಬೆಲ್ಟನ್ನು ತಿಂಗಳುಗಳಲ್ಲಿ ಅಳೆಯುತ್ತವೆ. ‘ಮೂರು ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್’ ಎಂಬ ಮಾತನ್ನು ವಾರಕ್ಕೆ ಮೂರರಂತೆ ತರಗತಿಗೆ ಇಳಿಸಿದರೆ 468. ಎರಡೂ ಬ್ಯಾಚಿಗೆ ಹೋಗುವ ಪಾಳಿಯವರಿಗೆ ಅದು ಸುಮಾರು 4 ವರ್ಷ, ಸಂಜೆಗಷ್ಟೇ ಹೋಗುವವರಿಗೆ ಸುಮಾರು 7. ತಿಂಗಳು ಎಣಿಸಿ ಎಲ್ಲರೊಂದಿಗೆ ಪರೀಕ್ಷೆಗೆ ಕೂತರೆ ಅರ್ಧ ಕಲಿತ ಬೆಲ್ಟಿಗೆ ಪೂರಾ ಹಣ ಕಟ್ಟಿದಂತೆ. ನಿಮ್ಮ ಹಾಜರಿಯ ತರಗತಿಗಳನ್ನು ನೀವೇ ಬರೆದಿಟ್ಟುಕೊಳ್ಳಿ.

ತಪ್ಪಿದ ತರಗತಿಯ ಒಂದು ಪಾಲು ಮನೆಯಲ್ಲಿ ತುಂಬುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ರಾತ್ರಿ ಪಾಳಿಯ ವಾರದ ಒಂದೇ ತರಗತಿ 60 ನಿಮಿಷ. ಉಳಿದ ಆರು ದಿನ 15 ನಿಮಿಷದಂತೆ 90 ಸೇರಿಸಿದರೆ 150 ಆಯಿತು. ಈ ಕಾರಣಕ್ಕೇ ಪಾಳಿಯವರಿಗೆ ನಾನು ಜೂಡೊಗಿಂತ ಕರಾಟೆ ಸೂಚಿಸುತ್ತೇನೆ. ಜೂಡೊದಲ್ಲಿ ಎತ್ತಿ ಹಾಕಲು ಜೊತೆಗಾರ ಬೇಕು, ಬೀಳಲು ದಪ್ಪ ಚಾಪೆ ಬೇಕು. ಶೊಟೊಕಾನ್ ಕರಾಟೆಯ ಮೊದಲ ಕಟಾ (ಒಬ್ಬರೇ ಮಾಡುವ ಹೆಜ್ಜೆ-ಹೊಡೆತಗಳ ಸರಣಿ) ಹೈಯಾನ್ ಶೊದಾನ್ ಬರೀ 21 ಎಣಿಕೆಯದು, ಒಂದು ನಿಮಿಷದೊಳಗೆ ಮುಗಿಯುತ್ತದೆ. ಐದೂ ಹೈಯಾನ್ ಸೇರಿದರೆ 117 ಎಣಿಕೆ. ಮನೆಯ ಮಾಳಿಗೆ ಸಾಕು.

ತೂಕ ಇಳಿಸಲೆಂದೇ ಬರುವವರಿಗೆ ಒಂದು ಅಂಕಿ: ಹೊಸಬರ ನಿಧಾನದ ಅಭ್ಯಾಸವನ್ನು 5.3 ಮೆಟ್, ಅಂದರೆ ಸುಮ್ಮನೆ ಕೂತಾಗಿನ 5.3 ಪಟ್ಟು ಶ್ರಮ, ಎಂದು ಅಳೆಯುತ್ತಾರೆ. 70 ಕಿಲೋ ತೂಕದವರು ತಾಸಿಗೆ ಸುಮಾರು 370 ಕ್ಯಾಲೊರಿ ವ್ಯಯಿಸುತ್ತಾರೆ. ನೂರು ಗ್ರಾಂ ಜೋಳದಲ್ಲಿರುವುದು ಸುಮಾರು 335. ಕಲಿಯಲು ಬನ್ನಿ, ತೂಕ ತನ್ನ ದಾರಿಯಲ್ಲಿ ಇಳಿಯಲಿ.

ಅವಳಿ ನಗರದ ಗುರುಗಳಲ್ಲಿ ನನ್ನದೊಂದು ಬೇಡಿಕೆ. ತಿಂಗಳ ಶುಲ್ಕದ ಪಕ್ಕದಲ್ಲೇ 24 ತರಗತಿಯ ಒಂದು ಕಾರ್ಡು ಇಡಿ, ಯಾವ ಬ್ಯಾಚಿಗಾದರೂ ಸಲ್ಲುವಂತೆ, ಆರು ತಿಂಗಳ ಅವಧಿಯೊಂದಿಗೆ. ಸೇರುವವರಿಗೂ ಒಂದು ಮಾತು: ಅಂಥ ಕಾರ್ಡು ಸಿಗುವ ತನಕ ಇಡೀ ವರ್ಷದ ಶುಲ್ಕವನ್ನು ಒಮ್ಮೆಗೇ ಕಟ್ಟಬೇಡಿ, ಒಂದು ಪಾಳಿಯ ಸುತ್ತು, ಅಂದರೆ ಮೂರು ವಾರ, ಹೋಗಿ ನೋಡಿ, ಕೈಗೆ ಸಿಕ್ಕ ತರಗತಿಗಳನ್ನು ಎಣಿಸಿ ಆಮೇಲೆ ನಿರ್ಧರಿಸಿ.